ಗಡಿ ದಾಟಿದ ಕುಂಚಿಗೆ

ಕೊಲ್ಲಾಪುರ ಸೀಮೆಯ ಚರಿತ್ರೆಯನ್ನು ನಾವು ಶಾಸನಗಳಲ್ಲಿಯೂ ಸಂಸ್ಥಾನದ ದಫ್ತರಗಳಲ್ಲಿಯೂ ಹುಡುಕುತ್ತೇವೆ. ಅಜ್ಜಿಯ ಟ್ರಂಕಿನೊಳಗಿನ ಕುಂಚಿಗೆಯೂ ಒಂದು ದಾಖಲೆಯೇ.

ಉದ್ದನೆಯ ಬಟ್ಟೆಯನ್ನು ನಡುವೆ ಮಡಿಚಿ ಒಂದು ಬದಿಯನ್ನು ಹೊಲಿದರೆ ಕೂಸಿನ ತಲೆಗೆ ಮುಸುಕು, ಬೆನ್ನಿಗೆ ಹೊದಿಕೆ ಎರಡೂ ಸಿದ್ಧ. ಗುಳೇದಗುಡ್ಡದ ಖಣ, ಅದರ ಮೇಲೆ ಕಸೂತಿಯ ಗೋಪುರ, ತೇರು, ತುಳಸಿಕಟ್ಟೆ. ಎಳೆಗಳನ್ನೆಣಿಸಿ, ಗಂಟು ಹಾಕದೆ ಹೊಲಿಯುವ ಗವಂತಿ ಎರಡೂ ಮಗ್ಗುಲು ಒಂದೇ ತೆರನಾಗಿ ಕಾಣುತ್ತದೆ. ಎಳೆಯ ಮೈಗೆ ಚುಚ್ಚುವುದಿಲ್ಲ. ಮರಾಠಿ ನೆರೆಮನೆಯಲ್ಲಿ ಇದೇ ‘ಕುಂಚಿ’.

1904ರಲ್ಲಿ ಇಚಲಕರಂಜಿಗೆ ಮೊದಲ ಯಂತ್ರಮಗ್ಗ ಬಂದಿತು. ಬಟ್ಟೆ ಯಂತ್ರದ್ದಾದರೂ ಕುಂಚಿಗೆಯ ಸೂಜಿ ಕೈಯದಾಗಿಯೇ ಉಳಿಯಿತು. 1949ರಲ್ಲಿ ಕೊಲ್ಲಾಪುರ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರಲ್ಲಿ ಬೆಳಗಾವಿ ಮೈಸೂರು ರಾಜ್ಯಕ್ಕೆ ಸೇರಿತು. ಗಡಹಿಂಗ್ಲಜದ ಎಷ್ಟೋ ಸೊಸೆಯಂದಿರಿಗೆ ತವರು ಒಂದು ರಾಜ್ಯ, ಅತ್ತೆಮನೆ ಇನ್ನೊಂದು ರಾಜ್ಯವಾಯಿತು. ಆದರೂ ತೊಟ್ಟಿಲ ದಿನ ತವರಿನ ಕುಂಚಿಗೆ ಗಡಿ ದಾಟಿ ಬರುತ್ತಲೇ ಇತ್ತು.

ಗಡಿ ತಡೆಯದುದನ್ನು ಇಂದು ಸಿದ್ಧ ಉಡುಪು ತಡೆದಿದೆ. ಗವಂತಿ, ಮುರಗಿ, ನೇಗಿ, ಹೆಂತೆ ಎಂಬ ಹೆಸರುಗಳು ನಮ್ಮ ಮೊಮ್ಮಕ್ಕಳಿಗೆ ಅಪರಿಚಿತ. ಆದುದರಿಂದ ಸಂಘದ ತಾಯಂದಿರಲ್ಲಿ ನಮ್ಮ ಬಿನ್ನಹವಿಷ್ಟೆ: ಮನೆಯಲ್ಲಿ ಹಳೆಯ ಕುಂಚಿಗೆಯಿದ್ದರೆ ಹೊಲಿದವರ ಹೆಸರು, ಊರು, ಹೊಲಿಗೆಯ ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದು ಅದರೊಡನೆ ಇಡಿರಿ.