ಬಾಗಿಲು ಮುಚ್ಚಿ ಆಡಿದ ಮಾತು

'ಇದು ನಿಮ್ಮ ಹತ್ರಾನೇ ಇರ್ಲಿ' ಅಂತ ಯಾರಾದರೂ ಮಾತು ಶುರು ಮಾಡಿದರೆ ನನಗೆ ಒಳಗೊಳಗೇ ಅಳುಕು. ಗುಟ್ಟು ಕಾಯೋದು ಕಷ್ಟ ಅಂತಲ್ಲ. ಕಾಯಬಾರದ ಗುಟ್ಟೇ ಬಂದುಬಿಟ್ಟರೆ? ಗಂಡ ಹೆಂಡಿರ ಜಗಳ ಕೇಳುವುದನ್ನೇ ವೃತ್ತಿ ಮಾಡಿಕೊಂಡವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಅದಕ್ಕೊಂದು ಇತಿಹಾಸವೂ ಇದೆ.

ಮದುವೆ, ಸಂಸಾರದ ಕೌನ್ಸೆಲರುಗಳಿಗೆ ಲೈಸೆನ್ಸ್ ಬೇಕು ಅಂತ ಅಮೆರಿಕದಲ್ಲಿ ಮೊದಲು ಕಾನೂನು ಮಾಡಿದ್ದು ಕ್ಯಾಲಿಫೋರ್ನಿಯಾ, 1963ರಲ್ಲಿ. ಅದೇ ರಾಜ್ಯದ ಬರ್ಕ್ಲಿ ವಿಶ್ವವಿದ್ಯಾಲಯಕ್ಕೆ ಬಂಗಾಳದಿಂದ ಒಬ್ಬ ಹುಡುಗ ಓದಲು ಹೋಗಿದ್ದ. ಒಬ್ಬಳು ಹುಡುಗಿಯ ಸ್ನೇಹವನ್ನು ಪ್ರೇಮ ಅಂದುಕೊಂಡ. ಅವಳು ಅಲ್ಲ ಅಂದಾಗ ಕುಸಿದುಹೋದ. 1969ರಲ್ಲಿ ಅಲ್ಲಿನ ಆಸ್ಪತ್ರೆಯ ಮನಶ್ಶಾಸ್ತ್ರಜ್ಞರ ಮುಂದೆ, ಅವಳನ್ನು ಕೊಲ್ಲುತ್ತೇನೆ ಅಂದ.

ಅವರು ಸುಮ್ಮನಿರಲಿಲ್ಲ, ಕ್ಯಾಂಪಸ್ ಪೊಲೀಸರಿಗೆ ತಿಳಿಸಿದರು. ಪೊಲೀಸರು ಹುಡುಗನನ್ನು ಹಿಡಿದು ಮಾತಾಡಿಸಿ, ಸರಿಯಾಗೇ ಇದ್ದಾನೆ ಅಂತ ಬಿಟ್ಟುಬಿಟ್ಟರು. ಆಮೇಲೆ ಅವನು ಚಿಕಿತ್ಸೆಗೆ ಬರೋದನ್ನೇ ನಿಲ್ಲಿಸಿದ. ಹುಡುಗಿಗಾಗಲೀ ಮನೆಯವರಿಗಾಗಲೀ ಯಾರೂ ಒಂದು ಮಾತು ಹೇಳಲಿಲ್ಲ. ಅಕ್ಟೋಬರ್ 27ರಂದು ಅವಳ ಕೊಲೆಯಾಯಿತು.

ತಂದೆತಾಯಿ ಕೋರ್ಟಿಗೆ ಹೋದರು. ಅದೇ ತಾರಾಸೊಫ್ ಪ್ರಕರಣ. ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 1974ರಲ್ಲಿ, ಅಪಾಯದಲ್ಲಿರುವವರನ್ನು ಎಚ್ಚರಿಸೋದು ಚಿಕಿತ್ಸಕರ ಹೊಣೆ ಅಂದಿತು. 1976ರಲ್ಲಿ ಮತ್ತೆ ವಿಚಾರಣೆ ಮಾಡಿ, ಅವರನ್ನು ಕಾಪಾಡಲು ಸೂಕ್ತ ಕ್ರಮ ತೆಗೆದುಕೊಳ್ಳುವುದೇ ಹೊಣೆ ಅಂತ ತಿದ್ದಿತು. ಹೀಗಾದರೆ ಯಾರು ತಾನೆ ಮನಸ್ಸು ಬಿಚ್ಚಿ ಮಾತಾಡ್ತಾರೆ ಅಂತ ಚಿಕಿತ್ಸಕರು ಗಾಬರಿಯಾದರು. ಕಡೆಗೆ 1985ರ ಕಾನೂನು ಒಂದು ಗೆರೆ ಎಳೆಯಿತು: ಗುರುತಿಸಬಹುದಾದ ವ್ಯಕ್ತಿಯ ಮೇಲೆ ಗಂಭೀರ ಬೆದರಿಕೆ ಇದ್ದರೆ ಮಾತ್ರ ಈ ಹೊಣೆ.

ನಮ್ಮಲ್ಲೂ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಗುಟ್ಟು ಕಾಯಬೇಕು ಅನ್ನುತ್ತದೆ. ಜೊತೆಗೇ, ಬೇರೆಯವರನ್ನು ಹಿಂಸೆಯಿಂದ ಉಳಿಸಲು ಎಷ್ಟು ಬೇಕೋ ಅಷ್ಟು ಮಾತ್ರ ಹೇಳಬಹುದು ಅಂತಲೂ ಅನ್ನುತ್ತದೆ.

ಈ ಕೇಸ್ ಓದಿದಾಗಲೆಲ್ಲ ನನ್ನನ್ನು ಕಾಡುವುದು ತೀರ್ಪಲ್ಲ. ಗುಟ್ಟು ಬಿಟ್ಟುಕೊಟ್ಟಿದ್ದರಿಂದ ಹುಡುಗ ಕೈತಪ್ಪಿದ. ಹೇಳಬೇಕಾದವರಿಗೆ ಹೇಳದೆ ಹುಡುಗಿ ಹೋದಳು. ವಾದದ ಎರಡೂ ಕಡೆ ಒಂದೇ ಕಥೆಯೊಳಗಿದೆ. ಸಂಸಾರದ ಕೌನ್ಸೆಲಿಂಗಿನಲ್ಲಂತೂ ಬೆದರಿಸುವವನೂ ಬೆದರಿಕೆಗೆ ಒಳಗಾದವಳೂ ಅಕ್ಕಪಕ್ಕದ ಕುರ್ಚಿಯಲ್ಲೇ ಕೂತಿರಬಹುದು. ಇಬ್ಬರೂ ಅವರ ಜವಾಬ್ದಾರಿಯೇ.

ಅದಕ್ಕೇ ಒಳ್ಳೆಯ ಕೌನ್ಸೆಲರುಗಳು ಮೊದಲ ದಿನವೇ ಹೇಳಿಬಿಡ್ತಾರೆ: ನಿಮ್ಮ ಮಾತು ಇಲ್ಲೇ ಇರುತ್ತೆ, ಆದರೆ ಯಾರದಾದರೂ ಜೀವಕ್ಕೆ ಅಪಾಯ ಅನ್ನಿಸಿದರೆ ಇರಲ್ಲ. ನಿಮಗೆ ಹಾಗೆ ಹೇಳದಿದ್ದರೆ, ನೀವೇ ಕೇಳಿ.