ಸಿಂಗಾನಲ್ಲೂರಿನ ಮುತ್ತುರಾಜ: ಡಾ. ರಾಜಕುಮಾರ್ ಬದುಕು ಮತ್ತು ಕೊಳ್ಳೇಗಾಲ ಸೀಮೆಯ ನಂಟು

ಕೊಳ್ಳೇಗಾಲ: ರಾಜಕುಮಾರ್ ಯಾವೂರಿನವರು ಅಂತ ಕೇಳಿದರೆ ಹತ್ತರಲ್ಲಿ ಒಂಬತ್ತು ಜನ ಗಾಜನೂರು ಅಂತಾರೆ. ಅದು ತಪ್ಪೇನಲ್ಲ, ಹುಟ್ಟಿದ್ದು ಅಲ್ಲೇ. ಆದರೆ ಅವರ ಪೂರ್ತಿ ಹೆಸರು ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಮುತ್ತುರಾಜು. ಹೆಸರಿನ ಮುಂದಿರುವ ಆ 'ಎಸ್' ಹಳೆಯ ಕೊಳ್ಳೇಗಾಲ ತಾಲ್ಲೂಕಿನ ಸಿಂಗಾನಲ್ಲೂರು. ಗಾಜನೂರು ತಾಯಿಯ ಕಡೆಯ ಊರು, ಸಿಂಗಾನಲ್ಲೂರು ತಂದೆಯ ಕಡೆಯ ಊರು. ವರ್ಷಕ್ಕೊಮ್ಮೆ ಏಪ್ರಿಲ್ 24ರ ಹುಟ್ಟುಹಬ್ಬದ ದಿನ ಸರ್ಕಲ್ಲಿನಲ್ಲಿ ಫೋಟೋ ಇಟ್ಟು ಹಾರ ಹಾಕುವ ಎಷ್ಟೋ ಹುಡುಗರಿಗೆ ಈ ವಿಚಾರ ಗೊತ್ತಿಲ್ಲ. ಅಣ್ಣಾವ್ರ ಬದುಕನ್ನು ಈ ಸೀಮೆಯ ಕಡೆಯಿಂದ ನೋಡಿದರೆ ಕಾಣುವುದು ಇಲ್ಲಿದೆ.

ಒಂದೇ ಜಿಲ್ಲೆಯ ಎರಡು ಊರು

ಮುತ್ತುರಾಜ ಹುಟ್ಟಿದ್ದು 1929ರ ಏಪ್ರಿಲ್ 24ರಂದು. ಇವತ್ತು ಗಾಜನೂರು ತಮಿಳುನಾಡಿನ ಈರೋಡ್ ಜಿಲ್ಲೆಯ ತಾಳವಾಡಿ ಭಾಗದಲ್ಲಿದೆ, ಸಿಂಗಾನಲ್ಲೂರು ಕರ್ನಾಟಕದ ಚಾಮರಾಜನಗರ ಜಿಲ್ಲೆಯಲ್ಲಿದೆ. "ತಮಿಳುನಾಡಿನಲ್ಲಿ ಹುಟ್ಟಿದವರು ಕನ್ನಡದ ಕಣ್ಮಣಿ ಹೇಗಾದ್ರು" ಎಂಬ ಕುಹಕದ ಮಾತು ಬರುವುದು ಇದರಿಂದಲೇ. ಆದರೆ ಆ ಮಗು ಹುಟ್ಟಿದಾಗ ಎರಡೂ ಊರುಗಳು ಒಂದೇ ಜಿಲ್ಲೆಯಲ್ಲಿದ್ದವು. ಆಗ ಕೊಳ್ಳೇಗಾಲವೂ ತಾಳವಾಡಿಯೂ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದವು. ಪಕ್ಕದ ಯಳಂದೂರು ಮಾತ್ರ ಮೈಸೂರು ಸಂಸ್ಥಾನದ್ದು, ದಿವಾನ್ ಪೂರ್ಣಯ್ಯನವರ ಮನೆತನದ ಜಹಗೀರು.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಬಿಟ್ಟು ಮೈಸೂರು ರಾಜ್ಯಕ್ಕೆ ಬಂತು. ಕನ್ನಡ ಮಾತಾಡುವ ತಾಳವಾಡಿ ಅಲ್ಲೇ ಉಳಿಯಿತು. ಹೀಗೆ ಒಬ್ಬನೇ ಮನುಷ್ಯನ ಅಪ್ಪನ ಊರು ಒಂದು ರಾಜ್ಯ, ಅವ್ವನ ಊರು ಇನ್ನೊಂದು ರಾಜ್ಯ ಆಯಿತು. ಆ ಹೊತ್ತಿಗೆ ಮುತ್ತುರಾಜ ಎರಡು ವರ್ಷದಿಂದ ರಾಜಕುಮಾರ್ ಆಗಿದ್ದರು. ಗಡಿ ಬದಲಾಯಿತೇ ಹೊರತು ಅವರ ಮಾತಿನ ಧಾಟಿಯಾಗಲಿ ನಂಟರಾಗಲಿ ಬದಲಾಗಲಿಲ್ಲ. 1997ರಲ್ಲಿ ಚಾಮರಾಜನಗರ ಜಿಲ್ಲೆಯಾಯಿತು, ಆಮೇಲೆ ಹನೂರು ಬೇರೆ ತಾಲ್ಲೂಕಾಯಿತು. ಹಳೆಯ ದಾಖಲೆಗಳಲ್ಲಿ 'ಕೊಳ್ಳೇಗಾಲ ತಾಲ್ಲೂಕು' ಅಂತ ಬಂದಾಗ ಇವತ್ತಿನ ಹನೂರೂ ಅದರೊಳಗೇ ಇದೆ ಎಂಬುದನ್ನು ನೆನಪಿಟ್ಟುಕೊಳ್ಳಬೇಕು.

ಮುತ್ತುರಾಜ ಎಂಬ ಹೆಸರು ಬಂದಿದ್ದು ಕಾವೇರಿ ದಡದ ಮುತ್ತತ್ತಿಯ ಆಂಜನೇಯ, ಮುತ್ತತ್ತಿರಾಯನ ಮೇಲಿನ ಹರಕೆಯಿಂದ. ಈ ಕಡೆಯ ಹಳ್ಳಿಗಳಲ್ಲಿ ಮಾದ, ಮಾದೇವ, ಮುತ್ತ, ಸಿದ್ದ ಎಂಬ ಹೆಸರುಗಳಿಲ್ಲದ ಬೀದಿ ಸಿಕ್ಕುವುದಿಲ್ಲ. ಅಂಥ ಹೆಸರುಗಳಲ್ಲಿ ಇದೂ ಒಂದು.

ಅಪ್ಪನ ಹಿರಣ್ಯಕಶಿಪು

ತಂದೆ ಪುಟ್ಟಸ್ವಾಮಯ್ಯ ರಂಗದ ಮೇಲೆ ನಿಂತರೆ ಸಾಮಾನ್ಯರಲ್ಲ. ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಕಂಸ, ರಾವಣ, ಹಿರಣ್ಯಕಶಿಪುವಿನಂಥ ಅಬ್ಬರದ ಪಾತ್ರಗಳಿಗೆ ಹೆಸರಾದವರು. ರಂಗದ ಮೇಲೆ ಕಿರೀಟ, ಮನೆಯಲ್ಲಿ ಬಡತನ. ಮಗ ಪ್ರಾಥಮಿಕ ಶಾಲೆಯ ಮೊದಲ ತರಗತಿಗಳಿಗೇ ಓದು ಬಿಟ್ಟು ಅಪ್ಪನ ಜೊತೆ ಕಂಪನಿ ಸೇರಿದರು. ತಮ್ಮ ವರದರಾಜು ಕೂಡ ಅದೇ ದಾರಿ ಹಿಡಿದರು. ಗುಬ್ಬಿ ಕಂಪನಿ, ಆಮೇಲೆ ಮೈಸೂರಿನ ಸುಬ್ಬಯ್ಯ ನಾಯ್ಡು ಅವರ ಕಂಪನಿ. ಕ್ಯಾಂಪಿನಿಂದ ಕ್ಯಾಂಪಿಗೆ ಗಂಟುಮೂಟೆ, ಸಣ್ಣ ಸಂಬಳ, ರಾತ್ರಿಯೆಲ್ಲ ನಾಟಕ.

ಶಾಲೆಯಲ್ಲಿ ಸಿಗದಿದ್ದ ಕನ್ನಡ ಇಲ್ಲಿ ಸಿಕ್ಕಿತು. ಅಕ್ಷರ ನುಂಗದೆ, ಅಲ್ಪಪ್ರಾಣ ಮಹಾಪ್ರಾಣ ತಪ್ಪದೆ, ಹಿಂದಿನ ಸಾಲಿನಲ್ಲಿ ಕೂತವನಿಗೂ ಕೇಳುವಂತೆ ಮಾತಾಡುವ ಕಲೆ ಕಂಪನಿ ನಾಟಕದ ಕೊಡುಗೆ. ಮೈಕಿಲ್ಲದೆ ಹಾಡಿ ಪಳಗಿದ ಗಂಟಲೂ ಅಲ್ಲಿಯದೇ. ಮುಂದೆ 1976ರಲ್ಲಿ ಮೈಸೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಾಗ, ಶಾಲೆ ಬಿಟ್ಟ ಹುಡುಗನಿಗೆ ಡಾಕ್ಟರೇಟಾ ಎಂದು ಹುಬ್ಬೇರಿಸಿದವರು ಈ ಪಾಠಶಾಲೆಯನ್ನು ಮರೆತಿದ್ದರು.

ಅಪ್ಪನ ಪಾತ್ರ ಮಗನಿಗೆ ಬಂದ ಬಗೆಯೂ ಚೆನ್ನಾಗಿದೆ. 1983ರ 'ಭಕ್ತ ಪ್ರಹ್ಲಾದ' ಚಿತ್ರದಲ್ಲಿ ರಾಜಕುಮಾರ್ ಹಿರಣ್ಯಕಶಿಪು, ಪ್ರಹ್ಲಾದನಾಗಿ ಅವರ ಕಿರಿಯ ಮಗ ಪುನೀತ್. ಆಗಿನ್ನೂ ಪುನೀತ್ ಅವರನ್ನು ಮಾಸ್ಟರ್ ಲೋಹಿತ್ ಅನ್ನುತ್ತಿದ್ದರು. ಆ ಗದೆ, ಆ ಮೀಸೆ, ಆ ಗುಡುಗು ನೋಡಿದ ಹಳೇ ನಾಟಕದ ಮಂದಿಗೆ ಪುಟ್ಟಸ್ವಾಮಯ್ಯ ನೆನಪಾಗಿರದೆ ಇರಲಾರರು.

ಕಣ್ಣಪ್ಪನಿಂದ ರಾಜೀವಪ್ಪನವರೆಗೆ

1952ರ 'ಶ್ರೀ ಶ್ರೀನಿವಾಸ ಕಲ್ಯಾಣ'ದಲ್ಲಿ ಸಪ್ತರ್ಷಿಗಳಲ್ಲಿ ಒಬ್ಬರಾಗಿ ಸಣ್ಣದೊಂದು ಪಾತ್ರ. 1953ರ ಜೂನ್ 25ರಂದು ನಂಜನಗೂಡಿನಲ್ಲಿ ಪಾರ್ವತಮ್ಮನವರ ಜೊತೆ ಮದುವೆ. ಮರುವರ್ಷ ಎಚ್.ಎಲ್.ಎನ್. ಸಿಂಹ ಅವರ 'ಬೇಡರ ಕಣ್ಣಪ್ಪ'. ಮುತ್ತುರಾಜನಿಗೆ ರಾಜಕುಮಾರ್ ಎಂದು ಹೆಸರಿಟ್ಟವರು ಸಿಂಹ ಅವರೇ. ಬೇಟೆಯಾಡಿ ಬದುಕುವ ಬೇಡನೊಬ್ಬ ಶಿವನಿಗೆ ಕಣ್ಣನ್ನೇ ಕಿತ್ತುಕೊಡುವ ಕಥೆ. ಕಾಡಿನಂಚಿನ ಊರಿನಿಂದ ಬಂದವರಿಗೆ ಮೊದಲ ದೊಡ್ಡ ಪಾತ್ರವೂ ಕಾಡಿನದೇ ಸಿಕ್ಕಿತು. ಇದರ ತೆಲುಗು ರೂಪ ಒಂದನ್ನು ಬಿಟ್ಟರೆ ಅವರು ಬೇರೆ ಭಾಷೆಯಲ್ಲಿ ನಾಯಕನಾಗಿ ನಟಿಸಲಿಲ್ಲ. ಮದ್ರಾಸಿನ ಸ್ಟುಡಿಯೋಗಳಲ್ಲೇ ಕನ್ನಡ ಚಿತ್ರಗಳು ತಯಾರಾಗುತ್ತಿದ್ದ ಕಾಲದಲ್ಲಿ ಇದು ಸಣ್ಣ ತೀರ್ಮಾನವಲ್ಲ.

ಮೊದಮೊದಲು ದಿನಗಳು ಸಲೀಸಾಗಿರಲಿಲ್ಲ. ಸಿನಿಮಾ ಕಡಿಮೆ, ಕೈಯಲ್ಲಿ ಕಾಸಿಲ್ಲ. ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಜೊತೆ ಸೇರಿ ಕಲಾವಿದರೇ ಸಂಘ ಕಟ್ಟಿಕೊಂಡು 1960ರಲ್ಲಿ 'ರಣಧೀರ ಕಂಠೀರವ' ತೆಗೆದರು. ಅದು ಗೆದ್ದಿತು. ಆಮೇಲಿನದು ಎಲ್ಲರಿಗೂ ಗೊತ್ತಿರುವ ಕಥೆ: 'ಸತ್ಯ ಹರಿಶ್ಚಂದ್ರ', 'ಜೇಡರ ಬಲೆ', 'ಶ್ರೀ ಕೃಷ್ಣದೇವರಾಯ', 'ಕಸ್ತೂರಿ ನಿವಾಸ', 'ಮಯೂರ', 'ಸನಾದಿ ಅಪ್ಪಣ್ಣ', 'ಶಂಕರ್ ಗುರು'. ಎಲ್ಲ ಸೇರಿ 200ಕ್ಕೂ ಹೆಚ್ಚು ಚಿತ್ರ. 1974ರ 'ಸಂಪತ್ತಿಗೆ ಸವಾಲ್'ನಲ್ಲಿ ಎಮ್ಮೆ ಮೇಲೆ ಕೂತು ತಾವೇ ಹಾಡಿದ ಮೇಲೆ ಗಾಯಕರಾಗಿಯೂ ಬೇಡಿಕೆ ಬಂತು. 'ಜೀವನ ಚೈತ್ರ' ಚಿತ್ರದ ಹಾಡಿಗೆ ರಾಷ್ಟ್ರಪ್ರಶಸ್ತಿ ಸಿಕ್ಕಿದ್ದು ಅರವತ್ತು ದಾಟಿದ ಮೇಲೆ.

ಈ ಸೀಮೆಯ ರೈತರಿಗೆ ಹತ್ತಿರವಾದದ್ದು 1972ರ 'ಬಂಗಾರದ ಮನುಷ್ಯ'. ಟಿ.ಕೆ. ರಾಮರಾಯರ ಕಾದಂಬರಿ, ಸಿದ್ದಲಿಂಗಯ್ಯನವರ ನಿರ್ದೇಶನ. ಬರಡು ಜಮೀನು ಹಸನು ಮಾಡಿ, ಕೊನೆಗೆ ಮನೆಯವರಿಂದಲೇ ಮಾತು ಕೇಳಿ ಬರಿಗೈಲಿ ಹೊರಟುಹೋಗುವ ರಾಜೀವಪ್ಪನ ಪಾತ್ರ. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಅದು ಎರಡು ವರ್ಷ ಓಡಿತು. ಆ ಸಿನಿಮಾ ನೋಡಿ ಪಟ್ಟಣ ಬಿಟ್ಟು ಊರಿಗೆ ಮರಳಿದವರ ಕಥೆಗಳು ಇವತ್ತಿಗೂ ಕೇಳಿಬರುತ್ತವೆ. ಎಷ್ಟು ಜನ ನಿಜವಾಗಿ ಮರಳಿದರೋ, ಮರಳಬೇಕು ಅಂತ ಅನ್ನಿಸಿದ್ದಂತೂ ನಿಜ.

ಮರುವರ್ಷವೇ 'ಗಂಧದ ಗುಡಿ'. ಎಂ.ಪಿ. ಶಂಕರ್ ನಿರ್ಮಾಣದ ಈ ಚಿತ್ರದಲ್ಲಿ ರಾಜಕುಮಾರ್ ಅರಣ್ಯಾಧಿಕಾರಿ. ಕಾಡು ಕಡಿಯುವವರ, ಪ್ರಾಣಿ ಕೊಲ್ಲುವವರ ವಿರುದ್ಧ ನಿಲ್ಲುವವರು. ಕಾಡು ಉಳಿಸಿ ಎಂದು ಕನ್ನಡ ಸಿನಿಮಾ ಅಷ್ಟು ಗಟ್ಟಿಯಾಗಿ ಹೇಳಿದ್ದು ಅದೇ ಮೊದಲು. ಆ ಹೊತ್ತಿಗೆ ಮಲೆ ಮಹದೇಶ್ವರ ಬೆಟ್ಟದ ಆಚೆ, ಗೋಪಿನಾಥಂನಲ್ಲಿ 1952ರಲ್ಲಿ ಹುಟ್ಟಿದ ವೀರಪ್ಪನ್‌ಗೆ ಇಪ್ಪತ್ತೊಂದು ವರ್ಷ.

108 ದಿನ

2000ರ ಜುಲೈ 30, ಅಮಾವಾಸ್ಯೆಯ ಕತ್ತಲು. ಹೊಸ ಮನೆಯ ಗೃಹಪ್ರವೇಶಕ್ಕೆಂದು ಗಾಜನೂರಿಗೆ ಬಂದಿದ್ದ 71 ವರ್ಷದ ರಾಜಕುಮಾರ್ ಅವರನ್ನು ವೀರಪ್ಪನ್ ತಂಡ ಮನೆಯಿಂದಲೇ ಕರೆದೊಯ್ದಿತು. ಜೊತೆಗೆ ಅಳಿಯ ಗೋವಿಂದರಾಜು, ಬಂಧು ನಾಗೇಶ್, ಸಹಾಯಕ ನಿರ್ದೇಶಕ ನಾಗಪ್ಪ. ಮುಖ್ಯಮಂತ್ರಿಗೆ ಕೊಡಿ ಅಂತ ಪಾರ್ವತಮ್ಮನವರ ಕೈಗೆ ಒಂದು ಕ್ಯಾಸೆಟ್ ಕೊಟ್ಟರು. ಅವರು ಆ ರಾತ್ರಿಯೇ ಬೆಂಗಳೂರಿಗೆ ಹೊರಟು ಎಸ್.ಎಂ. ಕೃಷ್ಣ ಅವರನ್ನು ಕಂಡರು.

ಮುಂದಿನ ದಿನಗಳಲ್ಲಿ ಬೆಂಗಳೂರಲ್ಲಿ ಅಂಗಡಿ ಬಾಗಿಲು ಮುಚ್ಚಿದವು, ಎರಡು ರಾಜ್ಯಗಳ ನಡುವಿನ ಬಸ್ಸು ನಿಂತವು, ಸಿನಿಮಾ ಶೂಟಿಂಗ್ ನಿಂತಿತು. ತಮಿಳುನಾಡಿನಿಂದ 'ನಕ್ಕೀರನ್' ಸಂಪಾದಕ ಗೋಪಾಲ್, ಆಮೇಲೆ ನೆಡುಮಾರನ್ ಕಾಡಿಗೆ ಹೋಗಿ ಮಾತುಕತೆ ನಡೆಸಿದರು. ಸೆಪ್ಟೆಂಬರ್ ಕೊನೆಯಲ್ಲಿ ಸಹಾಯಕ ನಿರ್ದೇಶಕ ನಾಗಪ್ಪ ತಪ್ಪಿಸಿಕೊಂಡು ಬಂದರು.

ಬೇಡಿಕೆಗಳಲ್ಲಿ ಕಾವೇರಿ ನೀರು, ತಿರುವಳ್ಳುವರ್ ಪ್ರತಿಮೆ ಎಲ್ಲ ಇದ್ದವು. ಈ ಭಾಗಕ್ಕೆ ನೇರವಾಗಿ ತಟ್ಟಿದ್ದು ಮೈಸೂರು ಜೈಲಿನಲ್ಲಿದ್ದ 51 ಟಾಡಾ ಕೈದಿಗಳ ಬಿಡುಗಡೆಯ ಬೇಡಿಕೆ. ವೀರಪ್ಪನ್‌ಗೆ ನೆರವಾದರು ಎಂಬ ಆರೋಪದ ಮೇಲೆ ವರ್ಷಗಟ್ಟಲೆ ಒಳಗಿದ್ದವರಲ್ಲಿ ಬೆಟ್ಟದ ಸುತ್ತಲಿನ ಹಳ್ಳಿಗಳ ಬಡವರು ಅನೇಕರಿದ್ದರು. ಸರ್ಕಾರ ಟಾಡಾ ಕೇಸು ಹಿಂಪಡೆಯಲು ಹೊರಟಿತು. ಅದನ್ನು ತಡೆದದ್ದು ಒಬ್ಬ ತಂದೆ. 1992ರ ಆಗಸ್ಟ್ 14ರಂದು ಮೀಣ್ಯದ ಬಳಿ ಎಸ್‌ಪಿ ಹರಿಕೃಷ್ಣ ಅವರ ಜೊತೆ ವೀರಪ್ಪನ್ ಗುಂಡಿಗೆ ಬಲಿಯಾದ ಸಬ್‌ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಅವರ ತಂದೆ ಅಬ್ದುಲ್ ಕರೀಂ ಸುಪ್ರೀಂ ಕೋರ್ಟಿಗೆ ಹೋದರು. 2000ರ ನವೆಂಬರ್ 7ರಂದು ಕೋರ್ಟು ಬಿಡುಗಡೆಗೆ ಒಪ್ಪಲಿಲ್ಲ.

ಆ ತಿಂಗಳುಗಳಲ್ಲಿ ಯಾರ ಪರ ನಿಲ್ಲುವುದು ಎಂಬುದು ಈ ತಾಲ್ಲೂಕಿನ ಮಟ್ಟಿಗೆ ಸುಲಭದ ಪ್ರಶ್ನೆಯಾಗಿರಲಿಲ್ಲ. ಒಂದು ಕಡೆ ಕಾಡಿನಲ್ಲಿ ಅಣ್ಣಾವ್ರು. ಇನ್ನೊಂದು ಕಡೆ ಮಗನನ್ನು ಕಳೆದುಕೊಂಡ ತಂದೆ, ರಾಮಾಪುರ ಠಾಣೆಯಲ್ಲಿ, ಪಾಲಾರ್ ಸ್ಫೋಟದಲ್ಲಿ ಸತ್ತವರ ಮನೆಯವರು. ಮತ್ತೊಂದು ಕಡೆ ವಿಚಾರಣೆಯಿಲ್ಲದೆ ಕೊಳೆಯುತ್ತಿದ್ದ ನಮ್ಮದೇ ಹಳ್ಳಿಗಳ ಗಂಡಸರು, ಹೆಂಗಸರು. ಬೆಂಗಳೂರಿನ ಪತ್ರಿಕೆಗಳಲ್ಲಿ ಮೊದಲನೆಯದು ದೊಡ್ಡ ಅಕ್ಷರದಲ್ಲಿ ಬಂತು, ಉಳಿದೆರಡು ಸಣ್ಣ ಅಕ್ಷರದಲ್ಲಿ.

ಕೋರ್ಟಿನ ತೀರ್ಪಿನ ಎಂಟು ದಿನದ ಮೇಲೆ, ನವೆಂಬರ್ 15ರಂದು, 108 ದಿನಗಳ ನಂತರ ರಾಜಕುಮಾರ್ ಬಿಡುಗಡೆಯಾದರು.

ಎಲ್ಲರೂ ಹೀಗೆ ಮರಳಲಿಲ್ಲ. 2002ರ ಆಗಸ್ಟ್ 25ರಂದು ಕಾಮಗೆರೆಯ ಮನೆಯಿಂದ ಮಾಜಿ ಸಚಿವ ಎಚ್. ನಾಗಪ್ಪ ಅವರನ್ನು ವೀರಪ್ಪನ್ ಎತ್ತಿಕೊಂಡು ಹೋದ. (ತಪ್ಪಿಸಿಕೊಂಡು ಬಂದ ಸಹಾಯಕ ನಿರ್ದೇಶಕ ನಾಗಪ್ಪ ಬೇರೆ, ಇವರು ಬೇರೆ.) ಮೂರೂವರೆ ತಿಂಗಳ ಬಳಿಕ, ಡಿಸೆಂಬರ್ 8ರಂದು, ಚಂಗಡಿ ಕಾಡಿನಲ್ಲಿ ಅವರ ಶವ ಸಿಕ್ಕಿತು. ವೀರಪ್ಪನ್ 2004ರ ಅಕ್ಟೋಬರ್ 18ರಂದು ಧರ್ಮಪುರಿ ಜಿಲ್ಲೆಯಲ್ಲಿ ಪೊಲೀಸರ ಗುಂಡಿಗೆ ಸತ್ತ.

ಊರಿನ ಹೆಸರು ಹೊತ್ತವರು

ಪದ್ಮಭೂಷಣ (1983), ಕರ್ನಾಟಕ ರತ್ನ (1992), 1995ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಇವೆಲ್ಲ ಅಪಹರಣಕ್ಕೆ ಮೊದಲೇ ಬಂದಿದ್ದವು. 2000ರಲ್ಲೇ ತೆರೆಕಂಡ 'ಶಬ್ದವೇಧಿ' ಕೊನೆಯ ಚಿತ್ರ. 2006ರ ಏಪ್ರಿಲ್ 12ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಕಣ್ಣಪ್ಪನ ಪಾತ್ರದಿಂದ ಶುರುವಾದ ನಟನ ಕಣ್ಣುಗಳು ದಾನವಾದವು. ಕಂಠೀರವ ಸ್ಟುಡಿಯೋದಲ್ಲಿ ಸಮಾಧಿ. ಪಕ್ಕದಲ್ಲೇ ಈಗ ಪಾರ್ವತಮ್ಮ, 2021ರ ಅಕ್ಟೋಬರ್ 29ರಂದು ಅಗಲಿದ ಪುನೀತ್. ಅಪ್ಪನ ಸಿನಿಮಾದ ಹೆಸರನ್ನೇ ಇಟ್ಟುಕೊಂಡು ಪುನೀತ್ ಕರ್ನಾಟಕದ ಕಾಡುಗಳ ಮೇಲೆ ಮಾಡಿದ 'ಗಂಧದ ಗುಡಿ' ಅವರು ಹೋದ ಮೇಲೆ, 2022ರಲ್ಲಿ ಬಿಡುಗಡೆಯಾಯಿತು.

ಹಿರಿಯ ಮಗ ಶಿವರಾಜಕುಮಾರ್ ನಟಿಸಿದ 1996ರ 'ಜನುಮದ ಜೋಡಿ'ಯಲ್ಲಿ ಮಾದಪ್ಪನ ಪದದ ಧಾಟಿಯ ಹಾಡಿದೆ. ಬೆಟ್ಟದ ಪರಸೆಗೆ ಹೋಗುವ ಗಾಡಿಗಳಲ್ಲಿ ಅದು ಇವತ್ತಿಗೂ ಕೇಳುತ್ತದೆ. ಊರಿನ ಹೆಸರು ಹೊತ್ತವರಲ್ಲಿ ಇನ್ನೊಬ್ಬ ನಟನನ್ನೂ ಹೇಳಬೇಕು: 'ಆಪ್ತಮಿತ್ರ'ದ ರಾಮಚಂದ್ರ ಆಚಾರ್ಯರಾಗಿ ಮನೆಮಾತಾದ ಅವಿನಾಶ್. ಅವರ ಮೂಲ ಹೆಸರು ಯಳಂದೂರು ನಾರಾಯಣ ರವೀಂದ್ರ. ಅಲ್ಲೂ ಅಷ್ಟೇ, ಮೊದಲಿರುವುದು ಊರು.

ಅಪಹರಣದ ಕೇಸು ಮಾತ್ರ ಅಣ್ಣಾವ್ರು ಹೋದ ಮೇಲೂ ಹನ್ನೆರಡು ವರ್ಷ ನಡೆಯಿತು. ಗಾಜನೂರು ತಮಿಳುನಾಡಿನಲ್ಲಿದ್ದುದರಿಂದ ವಿಚಾರಣೆ ನಡೆದದ್ದು ಗೋಬಿಚೆಟ್ಟಿಪಾಳ್ಯದ ಕೋರ್ಟಿನಲ್ಲಿ. 2018ರ ಸೆಪ್ಟೆಂಬರಿನಲ್ಲಿ ವಿಚಾರಣೆ ಎದುರಿಸಿದ್ದ ಆರೋಪಿಗಳೆಲ್ಲರೂ ಸಾಕ್ಷ್ಯ ಸಾಲದೆ ಖುಲಾಸೆಯಾದರು.