ಮೂಗಿನ ತುದಿಗೆ ಗ್ರೀಸ್ ಬೇಕಾ, ಬೇಡವಾ?

ಚೈನ್ ಸಾ ಹಿಡಿದು ಮರ ಕೊಯ್ಯುವವರ ನಡುವೆ ಮುಗಿಯದ ಜಗಳ ಒಂದಿದೆ. ಚೈನ್ ಸುತ್ತ ಓಡುವ ಉದ್ದನೆಯ ಪಟ್ಟಿ ಇದೆಯಲ್ಲ, ಅದನ್ನು ಬಾರ್ ಅಂತಾರೆ. ಅದರ ತುದಿಯಲ್ಲಿ ಪುಟ್ಟದೊಂದು ಹಲ್ಲಿನ ಚಕ್ರ, ಕೆಲವು ಬಾರುಗಳಲ್ಲಿ ಅದರ ಪಕ್ಕ ಸಣ್ಣ ತೂತು. ಆ ತೂತಿಗೆ ಗ್ರೀಸ್ ಹೊಡೀಬೇಕಾ? ಒಬ್ಬ 'ದಿನಾ ಹೊಡಿ' ಅಂತಾನೆ, ಇನ್ನೊಬ್ಬ 'ಮುಟ್ಟಲೇಬೇಡ' ಅಂತಾನೆ. ತಮಾಷೆ ಏನಂದ್ರೆ ಇಬ್ಬರ ಮಾತಲ್ಲೂ ಸತ್ಯ ಇದೆ. ಯಾಕೆ ಅಂತ ತಿಳಿಯೋಕೆ ಸ್ವಲ್ಪ ಹಿಂದಕ್ಕೆ ಹೋಗೋಣ.

ಜರ್ಮನಿಯ ಆಂಡ್ರಿಯಾಸ್ ಸ್ಟೀಲ್ 1926ರಲ್ಲಿ ಕರೆಂಟಿನ ಚೈನ್ ಸಾ ಮಾಡಿದ. ಮರುವರ್ಷ ಎಮಿಲ್ ಲೆರ್ಪ್ ಪೆಟ್ರೋಲಿನದನ್ನು ಡೋಲ್ಮಾರ್ ಬೆಟ್ಟದಲ್ಲಿ ಪರೀಕ್ಷಿಸಿದ, ಬೆಟ್ಟದ ಹೆಸರೇ ಯಂತ್ರಕ್ಕೂ ಬಂತು. ಇವೆಲ್ಲ ಇಬ್ಬರು ಆಳು ಹಿಡಿಯಬೇಕಾದ ಭಾರದವು. ಅಮೆರಿಕದ ಆರೆಗನ್‌ನಲ್ಲಿ ಜೋಸೆಫ್ ಕಾಕ್ಸ್, ಮರ ಕೊರೆಯುವ ಹುಳುವಿನ ದವಡೆ ನೋಡಿ ಹೊಸ ಬಗೆಯ ಚೈನ್ ರೂಪಿಸಿ 1947ರಲ್ಲಿ ಕಂಪನಿ ಶುರುಮಾಡಿದ. 1950ರಲ್ಲಿ ಸ್ಟೀಲ್ ಕಂಪನಿ ಒಬ್ಬನೇ ಹಿಡಿಯಬಲ್ಲ ಪೆಟ್ರೋಲ್ ಸಾ ತಂತು.

ಈಗ ಮೂಗಿನ ವಿಷಯಕ್ಕೆ ಬರೋಣ. ಹಗುರವಾದ ಸಾಗಳ ಹಲವು ಬಾರುಗಳಲ್ಲಿ ತುದಿ ಬರೀ ಗಟ್ಟಿ ಲೋಹ. ಚೈನ್ ಅಲ್ಲಿ ಉಜ್ಜಿಕೊಂಡೇ ತಿರುಗಬೇಕು. ಅದು ಸವೆಯಬಾರದು ಅಂತ ಎಲ್‌ವುಡ್ ಹೇನ್ಸ್ ಕಂಡುಹಿಡಿದ ಸ್ಟೆಲೈಟ್ ಅನ್ನೋ ಕೋಬಾಲ್ಟ್ ಮಿಶ್ರಲೋಹವನ್ನು ತುದಿಗೆ ಬೆಸೆಯುತ್ತಿದ್ದರು. ಆಗ ಎಣ್ಣೆ ಬಿಡುವುದೂ ಎಷ್ಟೋ ಸಾಗಳಲ್ಲಿ ಕೈಕೆಲಸ. ಕೊಯ್ಯುತ್ತಾ ಕೊಯ್ಯುತ್ತಾ ಹೆಬ್ಬೆರಳಲ್ಲಿ ಪಂಪ್ ಒತ್ತಬೇಕು, ಮರೆತರೆ ಬಾರ್ ಸುಡುತ್ತೆ.

ಉಜ್ಜಾಟ ತಪ್ಪಿಸಲು ತುದಿಗೆ ಹಲ್ಲಿನ ಚಕ್ರ ಬಂತು, ಒಳಗೆ ಸಣ್ಣ ಬೇರಿಂಗ್. ಲೆಕ್ಕ ಹಾಕಿ ನೋಡಿ: ಚೈನ್ ಸೆಕೆಂಡಿಗೆ 20 ಮೀಟರ್ ಓಡಿದರೆ, 11 ಹಲ್ಲಿನ ಈ ಪುಟಾಣಿ ಚಕ್ರ ನಿಮಿಷಕ್ಕೆ 5000ಕ್ಕೂ ಹೆಚ್ಚು ಸುತ್ತು ಹಾಕುತ್ತೆ! ಗ್ರೀಸ್ ತೂತು ಹುಟ್ಟಿದ್ದು ಇದಕ್ಕೇ. ಹಸ್ಕ್‌ವರ್ನಾದ ಕೆಲವು ಕೈಪಿಡಿಗಳು ಪೆಟ್ರೋಲ್ ತುಂಬಿಸಿದಾಗಲೆಲ್ಲ ಗ್ರೀಸ್ ಹೊಡೀರಿ ಅಂದವು. ಆಮೇಲೆ ಎಣ್ಣೆಯ ಕೆಲಸವನ್ನು ಹೆಬ್ಬೆರಳಿನಿಂದ ಆಟೋಮ್ಯಾಟಿಕ್ ಪಂಪ್ ಕಿತ್ತುಕೊಂಡಿತು. ಚೈನ್ ಹೊತ್ತು ತರುವ ಎಣ್ಣೆಯೇ ತುದಿಗೂ ಸಾಕು ಅನ್ನೋ ವಾದ ಬಲವಾಯಿತು. ಈಗ ಎಷ್ಟೋ ಬಾರುಗಳಲ್ಲಿ ತೂತೇ ಇಲ್ಲ.

ಆದರೆ ಈ 'ಸಾಕು' ಅನ್ನೋದರ ಹಿಂದೆ ಒಂದು ಷರತ್ತಿದೆ: ಎಣ್ಣೆ ಶುದ್ಧವಾಗಿರಬೇಕು, ಪಂಪು ಸರಿಯಾಗಿ ಬಿಡಬೇಕು. ನಮ್ಮ ಮಲೆನಾಡಿನ ತೋಟಗಳಲ್ಲಿ ಕಾಸು ಉಳಿಸಲು ಗಾಡಿಯ ಸುಟ್ಟ ಆಯಿಲ್ ಸುರಿಯುವವರಿದ್ದಾರಲ್ಲ, ಅವರಿಗೆ ಆ ಮಾತು ಅನ್ವಯಿಸೋದೇ ಇಲ್ಲ. ಅದರಲ್ಲಿ ಲೋಹದ ಪುಡಿಯೂ ಇರುತ್ತೆ. ಹಾಗೆಯೇ ತೂತಿರುವ ಬಾರಿಗೆ ಒಂದು ದಿನ ಗ್ರೀಸ್ ಹೊಡೆದು ತಿಂಗಳು ಮರೆಯುವುದು ಎಲ್ಲಕ್ಕಿಂತ ಕೆಟ್ಟದ್ದು. ಹಳೇ ಗ್ರೀಸಿಗೆ ಮರದ ಪುಡಿ ಮೆತ್ತಿ ಗಟ್ಟಿಯಾದರೆ ಎಣ್ಣೆ ಒಳಗೆ ಹೋಗೋಕೂ ದಾರಿ ಇರಲ್ಲ. ಚಕ್ರ ಹಿಡಿದುಕೊಂಡರೆ ತುದಿ ಕಾದು ನೀಲಿಯಾಗುತ್ತೆ, ಬಾರ್ ಗುಜರಿಗೆ.

ಹಾಗಾಗಿ ನನ್ನ ತೀರ್ಪು ಇಷ್ಟೇ. ತೂತಿದ್ದು ಮೊದಲಿಂದ ಗ್ರೀಸ್ ಹೊಡೆಯುತ್ತಾ ಬಂದಿದ್ದರೆ ಬಿಡಬೇಡಿ. ತೂತು ಒರೆಸಿ, ಕೊಳೆ ಹೊರಬಂದು ಹೊಸ ಗ್ರೀಸ್ ಕಾಣುವವರೆಗೂ ಹೊಡೀರಿ. ತೂತಿಲ್ಲದಿದ್ದರೆ ಕೊರೆಯೋಕೆ ಹೋಗಬೇಡಿ, ಒಳ್ಳೆ ಎಣ್ಣೆ ಹಾಕಿ. ಎರಡರಲ್ಲಿ ಯಾವುದಾದರೂ ಸರಿ, ಸಂಜೆ ಎಂಜಿನ್ ಆರಿಸಿ, ಚೈನ್ ಬಿಚ್ಚಿ, ಆ ಚಕ್ರವನ್ನು ಬೆರಳಲ್ಲಿ ಒಮ್ಮೆ ತಿರುಗಿಸಿ ನೋಡಿ. ಪಂಪ್ ಬಂದಮೇಲೆ ಹೆಬ್ಬೆರಳಿನ ಕೆಲಸ ಹೋಯಿತು ನಿಜ, ಕಣ್ಣಿನ ಕೆಲಸ ಹೋಗಿಲ್ಲ.

ನಿಮ್ಮ ಕಡೆ ಯಾವ ಪಂಗಡ ಜೋರು? ಬರೀರಿ, ಜಗಳ ಮುಂದುವರಿಸೋಣ :)